ಧರಣೇಂದ್ರನ ಆಲೂಗಡ್ಡೆ

ಪಾತಾಳದ ಒಡೆಯನ ಹೆಸರಿಟ್ಟರು ಅವನಿಗೆ.
ಅವನೋ, ನೆಟ್ಟಗೆ ಮೇಲಕ್ಕೆ ಹೋದ.
‘ವಿಳಾಸ ಅದಲುಬದಲಾಯ್ತು ಕಣೋ ಚೆನ್ನ,
ಅಂಚೆಯವನದ್ದೇ ತಪ್ಪು’ ಅನ್ನುತ್ತಿದ್ದ
ನಮ್ಮ ಹೋಟೆಲಿನ ಕುಂಟು ಬೆಂಚಿನಲ್ಲಿ ಕೂತು.

ಹಾಸನದಲ್ಲಿದ್ದೂ ಆಲೂಗಡ್ಡೆ ತಿನ್ನದ ಮನೆ ಅವರದು.
ಬೀದಿಯಾಚೆ ಮಂಡಿ, ಲಾರಿಗಟ್ಟಲೆ ಗಡ್ಡೆ.
ಹಸಿಮಣ್ಣಿನ ವಾಸನೆ ಒಳಗೆ ನುಗ್ಗಿದರೆ
ಮರುದೇವಮ್ಮ ಕಿಟಕಿ ಮುಚ್ಚುವರು:
ನೆಲದೊಳಗೆ ಬೆಳೆದದ್ದು, ಅದರಲ್ಲಿ ಎಷ್ಟು ಜೀವವೋ.
ಸಂಜೆ ಐದಕ್ಕೆ ಮಗ ನಮ್ಮ ಹಿಂಬಾಗಿಲಲ್ಲಿ.
ಎರಡು ಬೋಂಡ ಬಾಯಿಗೆ, ಒಂದು ಅಂಗಿ ಜೇಬಿಗೆ,
ಅದೂ ಹೊತ್ತು ಮುಳುಗುವ ಮೊದಲು.
‘ಒಂದು ನೇಮ ಮುರಿದೆ,
ಇನ್ನೊಂದನ್ನಾದರೂ ಉಳಿಸಬೇಡವಾ?’

ಆಮೇಲೆ ವಾಯುಸೇನೆ. ಆಮೇಲೆ ಚೀತಾ.
ಇಪ್ಪತ್ತು ಸಾವಿರ ಅಡಿಯ ಹಿಮಕ್ಕೆ ಅವನು ಹೊತ್ತದ್ದು
ಗುಂಡಲ್ಲ, ಬಾಂಬಲ್ಲ.
ಸೀಮೆಎಣ್ಣೆ, ಊರಿನ ಕಾಗದ, ಆಲೂಗಡ್ಡೆ,
ಮತ್ತೆ ಆಲೂಗಡ್ಡೆ.
ರಜೆಗೆ ಬಂದಾಗ ತಾಯಿಯ ಮುಂದೆ ಪ್ರಮಾಣ:
‘ತಿನ್ನಲ್ಲಮ್ಮ, ಬರೀ ಸಾಗಿಸ್ತೀನಿ.’
ಹೆಪ್ಪುಗಟ್ಟಿ ಕಲ್ಲಾದ ಗಡ್ಡೆಯಲ್ಲಿ ಜವಾನರು
ಕ್ರಿಕೆಟ್ ಆಡಿದ್ದು, ಬ್ಯಾಟೇ ಸೀಳಿಹೋದದ್ದು,
ಕುಕ್ಕರು ಹದಿನಾಲ್ಕು ಸಲ ಕೂಗಿ ಸೋತದ್ದು,
ಇದರಲ್ಲೆಲ್ಲ ಅರ್ಧ ಸುಳ್ಳು.
ಯಾವ ಅರ್ಧ ಅಂತ ನಾನು ಕೇಳಲಿಲ್ಲ.

ಅಲ್ಲಿ ಪೂರ್ತಿ ಇಳಿಯುವ ಹಾಗಿಲ್ಲವಂತೆ.
ಒಂದು ಕಾಲು ಮಂಜಿಗೆ ತಾಗಿಸಿ,
ರೆಕ್ಕೆ ತಿರುಗುತ್ತಲೇ ಇರಬೇಕು, ಮೂವತ್ತು ಸೆಕೆಂಡು.
ಅಷ್ಟರಲ್ಲಿ ಮೂಟೆ ಕೆಳಗೆ, ಗಾಯಾಳು ಮೇಲೆ.
ನಿವೃತ್ತನಾಗಿ ಊರಿಗೆ ಬಂದ ಮೇಲೂ ಅದೇ ಲೆಕ್ಕ.
ಮದುವೆಮನೆಯ ಬಾಗಿಲಲ್ಲಿ
ಒಂದೇ ಚಪ್ಪಲಿ ಬಿಚ್ಚಿ ನಿಲ್ಲುವನು,
ಅಕ್ಷತೆ ಹಾಕಿ ಹಾರಿಹೋಗಲು.
ಕಾಲೇಜು ಮೈದಾನಕ್ಕೆ ಮಂತ್ರಿಯ ಹೆಲಿಕಾಪ್ಟರ್ ಬಂದು
ಶಾಮಿಯಾನ ಕಿತ್ತುಹೋದ ದಿನ
ಧೂಳಿನ ನಡುವೆ ಕಣ್ಣು ಕಿರಿದು ಮಾಡಿ
‘ಇಳಿಸಿದ್ನೋ, ಬಿಸಾಕಿದ್ನೋ?’ ಅಂದಿದ್ದ.

ಒಂದೇ ಒಂದು ಸಲ ನಗದೆ ಮಾತಾಡಿದ.
ಅಂಗಡಿ ಮುಚ್ಚಿ ಬಾಣಲೆ ತಿಕ್ಕುತ್ತಿದ್ದೆ ನಾನು.
ಅರಕಲಗೂಡು ಕಡೆಯ ಹುಡುಗ,
ಎರಡೂ ಪಾದ ಕಪ್ಪಿಟ್ಟಿತ್ತು, ನಿದ್ದೆ ಹೋಗಬಾರದು.
ಅದಕ್ಕೇ ದಾರಿಯುದ್ದಕ್ಕೂ ಕನ್ನಡದಲ್ಲಿ,
ಕೋಣ ಕೊಳ್ಳಲು ಹೋಗಿ
ಟಿಕೆಟಿಲ್ಲದೆ ರೈಲು ಹತ್ತಿದ ಪಟೇಲನ ಕತೆ.
ಮೊದಲು ಹ್ಞೂಂಗುಟ್ಟುತ್ತಿದ್ದನಂತೆ.
ಆಮೇಲೆ ಇಲ್ಲ.
ಇವನು ನಿಲ್ಲಿಸಲಿಲ್ಲ. ರೈಲು ತಿಪಟೂರು ದಾಟಿತು,
ಟಿಕೆಟ್ ಕೇಳುವವನು ಬಂದ, ಪಟೇಲ ಬಾಯಿ ತೆರೆದ,
ಚಕ್ರ ನೆಲ ಮುಟ್ಟಿತು. ಡಾಕ್ಟರು ತಲೆಯಾಡಿಸಿದರು.
‘ಅರ್ಧಕ್ಕೆ ಬಿಡೋಕಾಗಲಿಲ್ಲ ಕಣೋ’ ಅಂದ.
ಪಟೇಲ ಏನು ಹೇಳಿದ ಅಂತ ನನಗೂ ಹೇಳಲಿಲ್ಲ.

ಹೋದ ಮಾಘದಲ್ಲಿ ಹೋದ.
ಆಕಾಶದಲ್ಲಲ್ಲ, ಸಾಲಗಾಮೆ ರಸ್ತೆಯಲ್ಲಿ,
ಮನೆಯ ಗೇಟಿಗೆ ಬಣ್ಣ ಬಳಿಯುತ್ತಾ.
ಅರ್ಧ ಹಸಿರು, ಅರ್ಧ ತುಕ್ಕು, ಹಾಗೇ ಇದೆ ಗೇಟು.
ಸಮವಸ್ತ್ರದ ನಾಲ್ವರು ಬಂದು ಹೂವಿನ ಚಕ್ರ ಇಟ್ಟರು.
ಎದೆಯ ಮೇಲೊಂದು ಸ್ಟೆಪ್ನಿ ಅಂದಿರುತ್ತಿದ್ದ ಅನ್ನಿಸಿ
ಅಳುವ ಜಾಗದಲ್ಲಿ ನನಗೆ ನಗು ಬಂತು,
ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೆ.
ಜನ ಬೆನ್ನು ಸವರಿದರು.

ತೊಂಬತ್ತು ದಾಟಿದ ಮರುದೇವಮ್ಮ
ನನ್ನ ಕೈ ಹಿಡಿದು ಹತ್ತಿರ ಎಳೆದರು.
‘ನಿಮ್ಮಲ್ಲಿ ದಿನಾ ಎಷ್ಟು ತಿಂತಿದ್ದ?’
ನೆಲ ನೋಡಿದೆ. ಐವತ್ತು ವರ್ಷದ ಗುಟ್ಟು.
‘ಎರಡು’ ಅಂದೆ.
‘ಮೂರು’ ಅಂದರು ಅವರು.
‘ಜೇಬು ಒಗೀತಿದ್ದೋಳು ನಾನಲ್ವಾ.’